‘ನಿನ್ನ ಟೆನ್ಷನ್ ಮಗುವಿಗೆ ತಾಗುತ್ತದೆ’ ಎನ್ನುತ್ತಾರೆ. ನಿಜವಾಗಿ ಎಷ್ಟು ತಾಗುತ್ತದೆ?

ಮುಂಜಾವು

ನನಗೀಗ 27 ವಾರ. ಇದಕ್ಕೆ ಮುಂಚೆ ಒಂದು ಗರ್ಭ 11ನೇ ವಾರಕ್ಕೆ ಹೋಯಿತು. ಈ ಸಲ ಎಲ್ಲ ಸ್ಕ್ಯಾನೂ ಚೆನ್ನಾಗಿ ಬಂದಿದೆ. ಆದರೂ ರಾತ್ರಿ 3 ಗಂಟೆಗೆ ಎಚ್ಚರವಾಗುತ್ತದೆ. ಎದೆ ಡವಡವ ಹೊಡೆದುಕೊಳ್ಳುತ್ತದೆ. ಮಗು ಒದೆಯುವವರೆಗೂ ಹೊಟ್ಟೆ ಮೇಲೆ ಕೈ ಇಟ್ಟುಕೊಂಡು ಕೂತಿರುತ್ತೇನೆ. ಒದ್ದರೆ ಹತ್ತು ನಿಮಿಷ ನೆಮ್ಮದಿ. ಆಮೇಲೆ ಮತ್ತೆ ಅದೇ.

ಹೋದ ವಾರ ಎಲ್ಲೋ ಒಂದು ಲೇಖನ ಕಣ್ಣಿಗೆ ಬಿತ್ತು. ಬಸುರಿಯ ಆತಂಕದಿಂದ ಮಗುವಿನ ಮಿದುಳಿನ ಬೆಳವಣಿಗೆ ಕುಂಠಿತವಾಗುತ್ತದೆ ಎಂದು ಅದರಲ್ಲಿತ್ತು. ಮೊದಲು ಮಗುವಿಗೆ ಏನಾಗುತ್ತದೋ ಎಂಬ ಭಯ ಒಂದೇ ಇತ್ತು. ಈಗ ಆ ಭಯವೇ ಮಗುವನ್ನು ಹಾಳು ಮಾಡುತ್ತಿದೆಯೇನೋ ಎಂಬ ಇನ್ನೊಂದು ಭಯ ಸೇರಿಕೊಂಡಿದೆ. ಮನೆಯಲ್ಲಿ ದಿನಕ್ಕೆ ನಾಲ್ಕು ಸಲ ‘ಖುಷಿಯಾಗಿರು, ನಿನ್ನ ಟೆನ್ಷನ್ ಮಗುವಿಗೆ ತಾಗುತ್ತದೆ’ ಎನ್ನುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಕೇಳಿದಾಗಲೆಲ್ಲ ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಗುತ್ತದೆ.

ಸುಮ್ನೆ ಸಮಾಧಾನ ಮಾಡಬೇಡಿ. ಗೊತ್ತಿದ್ದವರು ನಿಜ ಹೇಳಿ. ಎಷ್ಟು ತಾಗುತ್ತದೆ? ಈಗಾಗಲೇ ತಾಗಿದ್ದರೆ ಸರಿಪಡಿಸಲು ಆಗುತ್ತದಾ?

ಪುಟ್ಟಿಅಮ್ಮ

ನಿಮ್ಮ 3 ಗಂಟೆ ನನಗೆ ಚೆನ್ನಾಗಿ ಗೊತ್ತು. ನನ್ನ ಮಗಳಿಗೀಗ ಐದು ವರ್ಷ. ಅವಳು ಹೊಟ್ಟೆಯಲ್ಲಿದ್ದಾಗ ನಾನು ಎಂಟು ತಿಂಗಳು ಸರಿಯಾಗಿ ನಿದ್ದೆ ಮಾಡಲಿಲ್ಲ.

ಎರಡು ವರ್ಷವಾದರೂ ಅವಳು ಐದಾರು ಪದಕ್ಕಿಂತ ಜಾಸ್ತಿ ಮಾತಾಡಲಿಲ್ಲ. ನನಗೆ ಕಾರಣ ಆಗಲೇ ಗೊತ್ತು ಅಂದುಕೊಂಡೆ. ನಾನು ಅತ್ತಿದ್ದು, ನಾನು ಹೆದರಿದ್ದು. ಯಾರಿಗೂ ಹೇಳದೆ ಏಳು ತಿಂಗಳು ಅದನ್ನೇ ಹೊತ್ತುಕೊಂಡಿದ್ದೆ. ಡಾಕ್ಟರ ಹತ್ತಿರ ಹೋದರೆ ‘ಇದು ನಿಮ್ಮಿಂದಲೇ’ ಎಂದುಬಿಡುತ್ತಾರೆ ಎಂಬ ಹೆದರಿಕೆಗೆ ಹೋಗಲೇ ಇಲ್ಲ.

ಕೊನೆಗೆ ಕಿವಿ ಪರೀಕ್ಷೆ ಮಾಡಿಸಿದಾಗ ಗೊತ್ತಾಯಿತು. ಎರಡೂ ಕಿವಿಯಲ್ಲಿ, ತಮಟೆಯ ಹಿಂದೆ, ಅಂಟು ನೀರು ತುಂಬಿಕೊಂಡಿತ್ತು. ಅವಳಿಗೆ ನಮ್ಮ ಮಾತು ಗೋಡೆಯಾಚೆಯಿಂದ ಬಂದ ಹಾಗೆ ಕೇಳಿಸುತ್ತಿತ್ತು. ಚಿಕ್ಕ ಮಕ್ಕಳಲ್ಲಿ ಇದು ತುಂಬಾ ಸಾಮಾನ್ಯವಂತೆ. ಚಿಕಿತ್ಸೆಯಾದ ಮೇಲೆ ಆರು ತಿಂಗಳಲ್ಲಿ ವಾಕ್ಯ ಜೋಡಿಸಿದಳು.

ಇದನ್ನು ಬರೆದದ್ದು ‘ಆತಂಕದಿಂದ ಏನೂ ಆಗುವುದಿಲ್ಲ’ ಎನ್ನುವುದಕ್ಕಲ್ಲ. ನನ್ನನ್ನೇ ಬೈದುಕೊಳ್ಳುತ್ತಾ ಅವಳ ಕಿವಿಯ ಏಳು ತಿಂಗಳು ಕಳೆದೆ. ಆ ಏಳು ತಿಂಗಳ ನೋವು ನನಗೆ ಇನ್ನೂ ಇದೆ.

ಹೆಜ್ಜೆಗುರುತು

ನಾನು ಚಿಕ್ಕ ಮಕ್ಕಳ ಬೆಳವಣಿಗೆ ನೋಡುವ ಕೆಲಸದಲ್ಲಿದ್ದೇನೆ. ನಿಜ ಬೇಕು ಎಂದಿರಿ, ಹಾಗಾಗಿ ಉದ್ದ ಬರೆಯುತ್ತೇನೆ.

ತಾಗುತ್ತದಾ? ಹೌದು, ನಂಟು ಇದೆ. ಇದನ್ನು ಜಾಸ್ತಿ ಹತ್ತಿರದಿಂದ ನೋಡಿದ್ದು ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಮುತ್ತಲಿನ ಒಂದು ದೊಡ್ಡ ಅಧ್ಯಯನ. 1991–92ರಲ್ಲಿ 14 ಸಾವಿರಕ್ಕೂ ಹೆಚ್ಚು ಬಸುರಿಯರನ್ನು ಸೇರಿಸಿಕೊಂಡು, ಆ ಮಕ್ಕಳನ್ನು ವರ್ಷಗಟ್ಟಲೆ ನೋಡುತ್ತಾ ಬಂದರು. ತಾಯಂದಿರ ಆತಂಕವನ್ನು 18ನೇ ವಾರದಲ್ಲಿ ಒಮ್ಮೆ, 32ನೇ ವಾರದಲ್ಲಿ ಒಮ್ಮೆ ಅಳೆದರು. ವಿವೆಟ್ ಗ್ಲೋವರ್ ಮತ್ತು ಥಾಮಸ್ ಓಕಾನರ್ ತಂಡ 2002ರಲ್ಲಿ ನಾಲ್ಕು ವರ್ಷದ ಮಕ್ಕಳ ಫಲಿತಾಂಶ ಕೊಟ್ಟಿತು. ಆತಂಕ ತುಂಬಾ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಚಡಪಡಿಕೆ, ಗಮನ ನಿಲ್ಲದಿರುವುದು, ಹಠ, ಹೆದರಿಕೆ ಇಂಥವು ಹೆಚ್ಚು ಕಂಡವು. ಹುಟ್ಟಿದ ಮೇಲೆ ತಾಯಿಗಿದ್ದ ಬೇಸರ, ಆತಂಕಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಆ ನಂಟು ಉಳಿಯಿತು.

ಲೇಖನಗಳು ‘ಅಪಾಯ ಎರಡು ಪಟ್ಟು’ ಎಂದು ಬರೆಯುವುದು ಇಲ್ಲಿಂದಲೇ. ಆದರೆ ಯಾವುದರ ಎರಡು ಪಟ್ಟು? ಅದೇ ಮಕ್ಕಳನ್ನು 13 ವರ್ಷದವರೆಗೆ ನೋಡಿದ ವರದಿ 2014ರಲ್ಲಿ ಬಂತು. ಆತಂಕದಲ್ಲಿ ಮೇಲಿನ ಶೇ. 15ರಲ್ಲಿದ್ದ ತಾಯಂದಿರ 100 ಮಕ್ಕಳಲ್ಲಿ ಸುಮಾರು 12 ಮಕ್ಕಳಿಗೆ ಭಾವನೆ ಅಥವಾ ನಡವಳಿಕೆಯ ತೊಂದರೆ ಇರುವಂತೆ ಕಂಡಿತು. ಉಳಿದ ತಾಯಂದಿರ 100 ಮಕ್ಕಳಲ್ಲಿ ಅದು ಸುಮಾರು 7. ಅಂದರೆ ಅತಿ ಹೆಚ್ಚು ಆತಂಕದ ಗುಂಪಿನಲ್ಲೂ 88 ಮಕ್ಕಳು ಆರಾಮಾಗಿದ್ದರು. ನಿಮ್ಮ ಲೇಖನದಲ್ಲಿ ಈ 88 ಇತ್ತಾ? ನನಗೆ ಸಿಟ್ಟು ಬರುವುದು ಇಲ್ಲೇ. ಹೆದರಿಸುವ ಅರ್ಧವನ್ನು ಮಾತ್ರ ಬರೆದು ಹೆದರಿದವರ ಕೈಗೆ ಕೊಡುತ್ತಾರೆ.

ಇನ್ನು ಹೇಗೆ ತಾಗುತ್ತದೆ ಎನ್ನುವುದು. ಕಾರ್ಟಿಸೋಲ್ ಎಂಬ ಹಾರ್ಮೋನಿನ ಹೆಸರು ನೀವು ಓದಿರಬಹುದು. ಅದು ವಿಷವಲ್ಲ. ಬಸುರಿಯಲ್ಲಿ ಅದು ತಾನಾಗಿಯೇ ಎರಡು ಮೂರು ಪಟ್ಟು ಏರುತ್ತದೆ. ಮಗುವಿನ ಶ್ವಾಸಕೋಶ ಮಾಗುವುದಕ್ಕೂ ಅದು ಬೇಕು. ಮಾಸು, ಅಂದರೆ ಪ್ಲಾಸೆಂಟಾ, ಬಾಗಿಲ ಕಾವಲು ಇದ್ದ ಹಾಗೆ. ಅದರಲ್ಲಿರುವ ಒಂದು ಕಿಣ್ವ ತಾಯಿಯ ಕಾರ್ಟಿಸೋಲಿನ ಬಹುಪಾಲನ್ನು ಕೆಲಸ ಮಾಡದ ರೂಪಕ್ಕೆ ತಿರುಗಿಸುತ್ತದೆ. ಹಾಗಾಗಿಯೇ ಮಗುವಿನ ರಕ್ತದಲ್ಲಿ ಅದು ತಾಯಿಯ ರಕ್ತಕ್ಕಿಂತ ಎಷ್ಟೋ ಕಡಿಮೆ. ಆತಂಕ ತುಂಬಾ ಇದ್ದ ತಾಯಂದಿರ ಮಾಸಿನಲ್ಲಿ ಈ ಕಿಣ್ವ ಸ್ವಲ್ಪ ಕಡಿಮೆ ಇರುವುದನ್ನು ಗ್ಲೋವರ್ ತಂಡ ಕಂಡಿದೆ. ಕಾವಲುಗಾರ ಸ್ವಲ್ಪ ಸಡಿಲವಾದ ಹಾಗೆ. ಬಾಗಿಲು ಹಾರಿಹೋದ ಹಾಗೆ ಅಲ್ಲ. ಇನ್ನೊಂದು ಮಾತು, ತಾಯಿಗೆ ಎಷ್ಟು ಆತಂಕ ಅನಿಸುತ್ತದೆ ಎನ್ನುವುದಕ್ಕೂ ಅವಳ ಕಾರ್ಟಿಸೋಲ್ ಮಟ್ಟಕ್ಕೂ ನೇರ ಹೊಂದಾಣಿಕೆ ತುಂಬಾ ಕಡಿಮೆ. ‘ನಾನು ಹೆದರಿದೆ, ಹಾರ್ಮೋನು ಮಗುವಿಗೆ ಹರಿಯಿತು’ ಎಂದು 3 ಗಂಟೆಗೆ ನೀವು ಹಾಕುವ ಲೆಕ್ಕ ಸರಿಯಿಲ್ಲ.

ಇದಕ್ಕೆ ಪೂರ್ತಿ ಉಲ್ಟಾ ಇರುವ ಒಂದು ಫಲಿತಾಂಶವೂ ಇದೆ. 2006ರಲ್ಲಿ ಅಮೆರಿಕದ ಜಾನೆಟ್ ಡಿಪಿಯೆಟ್ರೊ ತಂಡ ಆರೋಗ್ಯವಂತ ಬಸುರಿಯರನ್ನು ನೋಡಿತು. ಸಣ್ಣ ಮತ್ತು ಮಧ್ಯಮ ಮಟ್ಟದ ಆತಂಕ, ಒತ್ತಡ ಇದ್ದವರ ಮಕ್ಕಳು ಎರಡು ವರ್ಷಕ್ಕೆ ಬುದ್ಧಿಯಲ್ಲೂ ಕೈಕಾಲಿನ ಚಲನೆಯಲ್ಲೂ ಒಂದು ಕೈ ಮುಂದೆಯೇ ಇದ್ದರು. ಹಾಗಂತ ಆತಂಕ ಒಳ್ಳೆಯದು ಎನ್ನುತ್ತಿಲ್ಲ. ದಿನನಿತ್ಯದ ಚಿಂತೆ ಎಂಬುದೂ ಎದ್ದರೂ ಕೂತರೂ ಬಿಡದ ಆತಂಕ ಎಂಬುದೂ ಒಂದೇ ಅಲ್ಲ. ನಿಮ್ಮದು ಎರಡನೆಯದರ ಹತ್ತಿರ ಇದೆ ಅಂತ ನನಗೆ ಅನಿಸುತ್ತದೆ. ಅದಕ್ಕೆ ಸಹಾಯ ಸಿಗಬೇಕು, ಮಗುವಿಗಿಂತ ಮೊದಲು ನಿಮಗೋಸ್ಕರ.

ಸಾದಾಮಾತು

ಹೆಜ್ಜೆಗುರುತು ಅವರೇ, ನನಗೆ ಒಂದು ಅನುಮಾನ. ಆತಂಕದ ಸ್ವಭಾವ ವಂಶದಲ್ಲೇ ಬರುತ್ತದೆ ಅಲ್ವಾ? ನನ್ನ ಅಮ್ಮ ಹಾಗೆ, ನಾನು ಹಾಗೆ, ನನ್ನ ಮಗ ಹಾಗೆ. ಅಮ್ಮನ ಜೀನ್ ಮಗುವಿಗೆ ಬಂದಿರುತ್ತದೆ. ಅದನ್ನು ಗರ್ಭದ ಒಂಬತ್ತು ತಿಂಗಳ ತಲೆಗೆ ಕಟ್ಟುವುದು ಎಷ್ಟು ಸರಿ? ಹೆಂಗಸರ ಮೇಲೆ ಹೊರೆ ಹೊರಿಸಲು ಇನ್ನೊಂದು ನೆಪ ಸಿಕ್ಕಿದ ಹಾಗಿದೆ.

ಹೆಜ್ಜೆಗುರುತು

ಅನುಮಾನ ಸರಿಯಾಗಿದೆ. ಸಂಶೋಧಕರಿಗೂ ಇದೇ ಅನುಮಾನ ಬಂತು. 2010ರಲ್ಲಿ ಬ್ರಿಟನ್ನಿನ ಫ್ರಾನ್ಸಿಸ್ ರೈಸ್ ತಂಡ ಒಂದು ಜಾಣ ದಾರಿ ಹಿಡಿಯಿತು. ಐವಿಎಫ್, ಅಂದರೆ ಪ್ರನಾಳ ಶಿಶು ವಿಧಾನದ ಮೂಲಕ ಹುಟ್ಟಿದ ಮಕ್ಕಳನ್ನು ನೋಡಿದರು. ಕೆಲವರು ತಾಯಿಯ ಸ್ವಂತ ಅಂಡಾಣುವಿನಿಂದ ಹುಟ್ಟಿದವರು. ಕೆಲವರು ದಾನದ ಅಂಡಾಣುವಿನಿಂದ ಹುಟ್ಟಿದವರು, ಅಂದರೆ ಹೊತ್ತ ತಾಯಿಯ ಜೀನ್ ಅವರಲ್ಲಿಲ್ಲ. ಗಮನ ನಿಲ್ಲದ, ಚಡಪಡಿಕೆಯ ತೊಂದರೆಗೂ ಬಸುರಿನ ಒತ್ತಡಕ್ಕೂ ಇದ್ದ ನಂಟು ಸ್ವಂತ ಅಂಡಾಣುವಿನ ಗುಂಪಿನಲ್ಲಿ ಮಾತ್ರ ಕಂಡಿತು. ಅಲ್ಲಿಗೆ ನಿಮ್ಮ ಮಾತು ಗೆದ್ದಿತು. ಮಗುವಿನ ಆತಂಕಕ್ಕೆ ಹತ್ತಿರವಾಗಿದ್ದದ್ದು ತಾಯಿಯ ಈಗಿನ ಮನಃಸ್ಥಿತಿ. ಆದರೆ ಹುಟ್ಟುತೂಕ ಕಡಿಮೆಯಾಗುವುದು ಮತ್ತು ಹೊಡೆದಾಟ, ಸುಳ್ಳಿನಂಥ ನಡವಳಿಕೆಯ ನಂಟು ಎರಡೂ ಗುಂಪಿನಲ್ಲಿ ಇತ್ತು. ಅದನ್ನು ಜೀನ್ ತಲೆಗೆ ಕಟ್ಟಲು ಆಗುವುದಿಲ್ಲ.

ಇನ್ನೊಂದು ದಾರಿಯನ್ನು ಪ್ರಕೃತಿಯೇ ತೋರಿಸಿತು. 1998ರ ಜನವರಿಯಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಮಂಜುಗಡ್ಡೆ ಮಳೆ ಸುರಿದು ವಿದ್ಯುತ್ ಕಂಬಗಳೆಲ್ಲ ಉರುಳಿದವು. 30 ಲಕ್ಷಕ್ಕೂ ಹೆಚ್ಚು ಜನ ಕೊರೆಯುವ ಚಳಿಯಲ್ಲಿ ಕರೆಂಟಿಲ್ಲದೆ ಕೂತರು. ಕೆಲವರಿಗೆ ವಾರಗಟ್ಟಲೆ ಬರಲಿಲ್ಲ. ಯಾರ ಮನೆಗೆ ಎಷ್ಟು ದಿನ ಕರೆಂಟ್ ಹೋಗುತ್ತದೆ ಎಂಬುದನ್ನು ಯಾರ ಜೀನೂ ತೀರ್ಮಾನಿಸುವುದಿಲ್ಲ ಅಲ್ವಾ? ಸೂಝನ್ ಕಿಂಗ್ ಎಂಬ ಸಂಶೋಧಕಿ ಆಗ ಬಸುರಿಯಾಗಿದ್ದವರನ್ನು ಹುಡುಕಿ ಅವರ ಮಕ್ಕಳನ್ನು ವರ್ಷಗಟ್ಟಲೆ ನೋಡಿದರು. ಜಾಸ್ತಿ ಕಷ್ಟ ಅನುಭವಿಸಿದವರ ಮಕ್ಕಳಿಗೆ ಎರಡು ವರ್ಷಕ್ಕೆ ಪದಗಳು ಕಡಿಮೆ ಬರುತ್ತಿದ್ದವು. ಐದೂವರೆ ವರ್ಷಕ್ಕೂ ಭಾಷೆಯಲ್ಲಿ ಆ ವ್ಯತ್ಯಾಸ ಕಂಡಿತು.

ನನ್ನನ್ನು ಜಾಸ್ತಿ ತಟ್ಟಿದ್ದು ಬೇರೆ. ಭಾಷೆ ಮತ್ತು ಬುದ್ಧಿಯ ವಿಷಯದಲ್ಲಿ, ತಾಯಿ ಎಷ್ಟು ಹೆದರಿದಳು ಎನ್ನುವುದಕ್ಕಿಂತ ಅವಳಿಗೆ ನಿಜವಾಗಿ ಎಷ್ಟು ಕಷ್ಟ ಬಂತು ಎನ್ನುವುದೇ ಮುಖ್ಯವಾಯಿತು. ಎಷ್ಟು ದಿನ ಕತ್ತಲು, ಎಷ್ಟು ಸಲ ಮನೆ ಬಿಡಬೇಕಾಯಿತು, ಏನೆಲ್ಲ ನಷ್ಟವಾಯಿತು. ಬಸುರಿಗೆ ‘ಮನಸ್ಸು ಗಟ್ಟಿ ಮಾಡಿಕೋ’ ಎಂದರೆ ಸಾಲದು. ಅವಳ ಸುತ್ತಲಿನ ಕಷ್ಟವನ್ನು ಇಳಿಸಬೇಕು. ಅದು ಅವಳೊಬ್ಬಳ ಕೆಲಸವಲ್ಲ. ಸಾದಾಮಾತು ಅವರೇ, ಹೊರೆಯ ಬಗ್ಗೆ ನೀವು ಹೇಳಿದ್ದನ್ನು ನಾನು ಪೂರ್ತಿ ಒಪ್ಪುತ್ತೇನೆ.

ಸಾದಾಮಾತು

ಐವಿಎಫ್ ವಿಷಯ ನನಗೆ ಗೊತ್ತಿರಲಿಲ್ಲ. ಅರ್ಧ ನನ್ನ ಮಾತು ನಿಂತಿತು, ಅರ್ಧ ಬಿದ್ದಿತು. ಯೋಚಿಸುತ್ತೇನೆ.

ನೀಲಿಛತ್ರಿ

ನಾನೊಬ್ಬ ಅಪ್ಪ. ಮುಂಜಾವು ಅವರ ಮನೆಯಲ್ಲಿ ‘ಖುಷಿಯಾಗಿರು’ ಎನ್ನುವವರ ಪರವಾಗಿ ಒಂದು ಮಾತು, ಏಕೆಂದರೆ ನಾನೂ ಅದನ್ನೇ ಹೇಳುತ್ತಿದ್ದೆ. ನನಗೂ ಹೆದರಿಕೆ ಇತ್ತು. ಏನು ಮಾಡಬೇಕು ಗೊತ್ತಾಗುತ್ತಿರಲಿಲ್ಲ. ಬಾಯಿಗೆ ಬಂದದ್ದು ಅದು.

ಒಂದು ರಾತ್ರಿ ನನ್ನ ಹೆಂಡತಿ ಹೇಳಿದಳು, ‘ನೀನು ಹಾಗೆ ಹೇಳಿದಾಗ, ನಾನು ಅಳುವುದನ್ನೂ ನಿನ್ನಿಂದ ಮುಚ್ಚಿಡಬೇಕಾಗುತ್ತದೆ.’ ಆ ಮಾತು ಇವತ್ತಿಗೂ ಮರೆತಿಲ್ಲ. ಅಂದಿನಿಂದ ಆ ಮಾತು ಬಿಟ್ಟೆ. ಅವಳು ರಾತ್ರಿ ಎದ್ದರೆ ನಾನೂ ಎದ್ದು ಕೂರುತ್ತಿದ್ದೆ. ಏನೂ ಹೇಳುತ್ತಿರಲಿಲ್ಲ. ಪ್ರತಿ ತಪಾಸಣೆಗೂ ಜೊತೆಗೆ ಹೋದೆ. ಅವಳು ಕೇಳಲು ಹಿಂಜರಿದ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ನಾನೇ ಕೇಳಿದೆ. ಮನೆಯ ಸಾಲದ ಮಾತನ್ನು ಅವಳ ಮುಂದೆ ಎತ್ತುವುದನ್ನು ನಿಲ್ಲಿಸಲಿಲ್ಲ. ಮುಚ್ಚಿಟ್ಟರೆ ಅವಳಿಗೆ ಇನ್ನೂ ಭಯವಾಗುತ್ತಿತ್ತು. ಆದರೆ ಅದನ್ನು ನಿಭಾಯಿಸುವುದು ಯಾರು ಎಂದು ಇಬ್ಬರೂ ಕೂತು ತೀರ್ಮಾನಿಸಿದೆವು.

ಆತಂಕ ಪೂರ್ತಿ ಹೋಗಲಿಲ್ಲ. ಆದರೆ ಅವಳು ಒಂಟಿಯಾಗಿರಲಿಲ್ಲ.

ದೀಪದಬತ್ತಿ

ಯಾರೂ ಮಾತ್ರೆಯ ವಿಷಯ ಎತ್ತಲಿಲ್ಲ. ನಾನು ಎತ್ತುತ್ತೇನೆ.

ನನಗೆ ಬಸುರಿಗೆ ಮೊದಲೇ ಆತಂಕದ ಕಾಯಿಲೆ ಇತ್ತು, ಮಾತ್ರೆಯಲ್ಲಿ ಚೆನ್ನಾಗಿದ್ದೆ. ಬಸುರಿ ಎಂದು ಗೊತ್ತಾದ ದಿನವೇ ಯಾರನ್ನೂ ಕೇಳದೆ ನಿಲ್ಲಿಸಿದೆ. ಮಗುವಿಗೆ ಒಳ್ಳೆಯದು ಮಾಡುತ್ತಿದ್ದೇನೆ ಅಂದುಕೊಂಡೆ. ನಿಲ್ಲಿಸಿದ ಎರಡನೇ ವಾರಕ್ಕೆ ತಲೆಸುತ್ತು, ನಡುಕ. 20ನೇ ವಾರದ ಹೊತ್ತಿಗೆ ಹಾಸಿಗೆಯಿಂದ ಏಳಲು ಆಗುತ್ತಿರಲಿಲ್ಲ. ಊಟ ಸೇರುತ್ತಿರಲಿಲ್ಲ. ಒಬ್ಬ ಡಾಕ್ಟರು ‘ಬಸುರಿಯರಿಗೆಲ್ಲ ಹೀಗೇ, ಧ್ಯಾನ ಮಾಡಿ’ ಎಂದು ಕಳಿಸಿದರು. ಇನ್ನೊಬ್ಬರು ಪೂರ್ತಿ ಕೇಳಿಸಿಕೊಂಡರು. ಮಾತ್ರೆಯ ಅಪಾಯ ಎಷ್ಟು, ಚಿಕಿತ್ಸೆ ಇಲ್ಲದ ಆತಂಕದ ಅಪಾಯ ಎಷ್ಟು ಎಂದು ಎರಡನ್ನೂ ಎದುರಿಗಿಟ್ಟು ವಿವರಿಸಿದರು. ಬಸುರಿನಲ್ಲಿ ಮುಂದುವರಿಸಬಹುದಾದ ಮಾತ್ರೆಗಳಿವೆ, ಬದಲಿಸಬೇಕಾದವೂ ಇವೆ. ಅದನ್ನು ತೀರ್ಮಾನಿಸುವುದು ಅಂಥ ಡಾಕ್ಟರ ಜೊತೆ ಕೂತು.

ಯಾರಾದರೂ ಇದನ್ನು ಓದುತ್ತಾ ಮಾತ್ರೆ ನಿಲ್ಲಿಸುವ ಯೋಚನೆಯಲ್ಲಿದ್ದರೆ, ದಯವಿಟ್ಟು ಒಬ್ಬರೇ ನಿಲ್ಲಿಸಬೇಡಿ. ಮೊದಲ ಡಾಕ್ಟರು ಕೇಳಿಸಿಕೊಳ್ಳದಿದ್ದರೆ ಎರಡನೆಯವರ ಹತ್ತಿರ ಹೋಗಿ.

ಮುಂಜಾವು

ಎಲ್ಲವನ್ನೂ ಎರಡೆರಡು ಸಲ ಓದಿದೆ. 88ರ ಲೆಕ್ಕವನ್ನು ಫೋನಿನಲ್ಲಿ ಬರೆದಿಟ್ಟುಕೊಂಡಿದ್ದೇನೆ. ನೀಲಿಛತ್ರಿ ಅವರ ಮಾತನ್ನು ನನ್ನ ಗಂಡನಿಗೆ ಓದಿ ಹೇಳಿದೆ. ಅವರು ತುಂಬಾ ಹೊತ್ತು ಸುಮ್ಮನಿದ್ದರು.

ಇನ್ನೆರಡು ಪ್ರಶ್ನೆ. ಸಹಾಯ ಎಂದರೆ ಏನು? ಈಗ ಶುರು ಮಾಡಿದರೆ ತಡವಾಯಿತಾ? ನನ್ನದು ‘ಚಿಕಿತ್ಸೆ ಬೇಕಾದಷ್ಟು’ ಎಂದು ಹೇಗೆ ಗೊತ್ತಾಗುತ್ತದೆ?

ಹೆಜ್ಜೆಗುರುತು

ತಡವಾಗಿಲ್ಲ.

ಮೊದಲು ರಕ್ತ ಪರೀಕ್ಷೆ. ಥೈರಾಯ್ಡ್ ಜಾಸ್ತಿ ಕೆಲಸ ಮಾಡಿದರೂ ರಕ್ತಹೀನತೆ ಇದ್ದರೂ ಎದೆ ಡವಡವ ಹೊಡೆದುಕೊಳ್ಳುತ್ತದೆ. ಆತಂಕ ಎಂದು ಬಿಟ್ಟುಬಿಡುವ ಮುಂಚೆ ಅವೆರಡನ್ನೂ ನೋಡಿಸಿ.

ಎರಡನೆಯದು, ಎಡಿನ್‌ಬರೋ ಮಾಪನ ಎಂಬ ಹತ್ತು ಪ್ರಶ್ನೆಗಳ ಪಟ್ಟಿ ಇದೆ. 1987ರಲ್ಲಿ ಬಾಣಂತಿಯರಿಗೆಂದು ಮಾಡಿದ್ದು. ಬಸುರಿಯರಿಗೂ ಬಳಸುತ್ತಾರೆ. ಹೋದ ಏಳು ದಿನ ಹೇಗಿತ್ತು ಎಂದು ಕೇಳುತ್ತದೆ. ಅದರ 3, 4, 5ನೇ ಪ್ರಶ್ನೆಗಳು ಆತಂಕದ ಬಗ್ಗೆಯೇ. ಸುಮ್ಮಸುಮ್ಮನೆ ನಿಮ್ಮನ್ನೇ ದೂರಿಕೊಂಡಿರಾ, ಕಾರಣವಿಲ್ಲದೆ ಚಿಂತೆಯಾಯಿತಾ, ಕಾರಣವಿಲ್ಲದೆ ಗಾಬರಿಯಾಯಿತಾ ಎಂದು. ಹತ್ತನೆಯದು ನಿಮಗೆ ನೀವೇ ಹಾನಿ ಮಾಡಿಕೊಳ್ಳುವ ಯೋಚನೆ ಬಂತಾ ಎಂಬುದು. ಆ ಒಂದಕ್ಕೆ ‘ಹೌದು’ ಎಂಬ ಉತ್ತರವಿದ್ದರೆ ಉಳಿದ ಅಂಕ ಎಷ್ಟೇ ಇರಲಿ, ಅಂದೇ ಡಾಕ್ಟರಿಗೆ ಹೇಳಬೇಕು. ಪಟ್ಟಿ ಕಾಯಿಲೆಯನ್ನು ತೀರ್ಮಾನಿಸುವುದಿಲ್ಲ. ಆದರೆ ‘ನನಗೆ ಆಗುತ್ತಿಲ್ಲ’ ಎಂದು ಬಾಯಿಬಿಟ್ಟು ಹೇಳಲು ಕಷ್ಟವಾಗುವವರಿಗೆ ಅದು ಮಾತು ಕೊಡುತ್ತದೆ.

ಮೂರನೆಯದು, ಮಾತಿನ ಚಿಕಿತ್ಸೆ. ಅದು ಕೆಲಸ ಮಾಡುತ್ತದೆ ಎನ್ನುವುದಕ್ಕೆ ನನಗೆ ತುಂಬಾ ಇಷ್ಟವಾದ ಸಾಕ್ಷಿ ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ನಡೆದ ಪ್ರಯೋಗ. 2024ರಲ್ಲಿ ಫಲಿತಾಂಶ ಬಂತು. ಆತಂಕವಿದ್ದ ಸುಮಾರು 1,200 ಬಸುರಿಯರು. ಅರ್ಧ ಜನರಿಗೆ ಮಾಮೂಲಿ ಆರೈಕೆ. ಉಳಿದವರಿಗೆ ಅದರ ಜೊತೆಗೆ ಯೋಚನೆಯ ದಾರಿ ಬದಲಿಸುವ ಮಾತುಕತೆಗಳು. ಮಾತಾಡಿಸಿದವರು ಮನೋವೈದ್ಯರಲ್ಲ, ಇದಕ್ಕೆಂದೇ ತರಬೇತಿ ಪಡೆದ ಹುಡುಗಿಯರು. ಹೆರಿಗೆಯಾಗಿ ಆರು ವಾರಕ್ಕೆ ನೋಡಿದರೆ, ಮಾತುಕತೆ ಸಿಕ್ಕಿದವರಲ್ಲಿ ಶೇ. 9ರಷ್ಟು ಮಂದಿಗೆ ಮಾತ್ರ ಮಧ್ಯಮ ಅಥವಾ ತೀವ್ರ ಆತಂಕ ಉಳಿದಿತ್ತು. ಸಿಗದವರಲ್ಲಿ ಅದು ಶೇ. 27. ಖಿನ್ನತೆ 12 ಮತ್ತು 41. ಕಡಿಮೆ ತೂಕದ ಮಕ್ಕಳೂ ಕಡಿಮೆ ಹುಟ್ಟಿದರು. ಯಾರೂ ಆ ಹೆಂಗಸರಿಗೆ ಖುಷಿಯಾಗಿರು ಎನ್ನಲಿಲ್ಲ. ಕೂತು ಅವರ ಮಾತು ಕೇಳಿದರು.

ಒಂದು ಎಚ್ಚರಿಕೆ. ‘ಇದು ನನ್ನ ಆತಂಕವಷ್ಟೇ’ ಎಂದು ಮಗುವಿನ ಒದೆತದ ವಿಷಯವನ್ನು ಮಾತ್ರ ತಳ್ಳಿಹಾಕಬೇಡಿ. ಮಾಮೂಲಿಗಿಂತ ಓಡಾಟ ಕಡಿಮೆಯಾಯಿತು ಅನಿಸಿದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಫೋನ್ ಮಾಡಿ. ಹತ್ತು ಸಲ ಸುಮ್ನೆ ಹೋಗಿ ಬಂದರೂ ಪರವಾಗಿಲ್ಲ.

ಪುಟ್ಟಿಅಮ್ಮ

‘ಈಗಾಗಲೇ ತಾಗಿದ್ದರೆ’ ಎಂದು ಕೇಳಿದ್ದಿರಿ. ಅದಕ್ಕೆ ಯಾರೂ ಉತ್ತರಿಸಲಿಲ್ಲ. ಹೆಜ್ಜೆಗುರುತು ಅವರೇ, ಹುಟ್ಟಿದ ಮೇಲಿನ ಬಾಂಧವ್ಯದ ಬಗ್ಗೆ ನಾನು ಎಲ್ಲೋ ಓದಿದ್ದೆ. ನಿಮಗೆ ಗೊತ್ತಾ?

ಹೆಜ್ಜೆಗುರುತು

ಗೊತ್ತು, ಬರೆಯಲು ಮರೆತೆ. ಲಂಡನ್ನಿನಲ್ಲಿ ಗ್ಲೋವರ್ ಅವರ ಜೊತೆಗಾರರು 2010ರಲ್ಲಿ ಮಾಡಿದ್ದು. ಬಸುರಿನಲ್ಲಿ ಮಗುವಿನ ಸುತ್ತಲಿನ ನೀರಿನಲ್ಲಿ ಕಾರ್ಟಿಸೋಲ್ ಅಳೆದಿಟ್ಟಿದ್ದರು. ಮಕ್ಕಳು 17 ತಿಂಗಳಾದಾಗ ಬುದ್ಧಿಯ ಬೆಳವಣಿಗೆ ನೋಡಿದರು. ಕಾರ್ಟಿಸೋಲ್ ಹೆಚ್ಚಿದ್ದವರಲ್ಲಿ ಅಂಕ ಕಡಿಮೆ ಇತ್ತು, ಆದರೆ ತಾಯಿಯ ಜೊತೆ ಭದ್ರ ಬಾಂಧವ್ಯ ಇಲ್ಲದ ಮಕ್ಕಳಲ್ಲಿ ಮಾತ್ರ. ಬಾಂಧವ್ಯ ಭದ್ರವಾಗಿದ್ದ ಮಕ್ಕಳಲ್ಲಿ ಆ ನಂಟೇ ಕಾಣಲಿಲ್ಲ.

ಭದ್ರ ಬಾಂಧವ್ಯ ಎಂದರೆ ಇಪ್ಪತ್ನಾಲ್ಕು ಗಂಟೆ ನಗುವ ಅಮ್ಮ ಅಲ್ಲ. ಮಗು ಅತ್ತಾಗ ಬಹುಪಾಲು ಸಲ ಯಾರೋ ಬರುತ್ತಾರೆ. ಅದು ‘ಆ’ ಎಂದರೆ ಯಾರೋ ‘ಆ’ ಎನ್ನುತ್ತಾರೆ. ಒಮ್ಮೊಮ್ಮೆ ತಪ್ಪುತ್ತದೆ, ಆಮೇಲೆ ಎತ್ತಿಕೊಂಡು ಸರಿ ಮಾಡುತ್ತಾರೆ. ಆ ಸರಿ ಮಾಡುವುದರಲ್ಲೇ ಮಗು ಕಲಿಯುತ್ತದೆ. ಅಪ್ಪನೂ ಇದನ್ನು ಮಾಡಬಲ್ಲ, ಅಜ್ಜಿಯೂ ಮಾಡಬಲ್ಲಳು. ಆತಂಕವಿದ್ದ ಎಷ್ಟೋ ತಾಯಂದಿರು ಇದನ್ನು ಚೆನ್ನಾಗಿ ಮಾಡುವುದನ್ನು ನಾನು ದಿನಾ ನೋಡುತ್ತೇನೆ.

ಮುಂಜಾವು

ಒಂಬತ್ತು ದಿನದ ನಂತರ ಬರೆಯುತ್ತಿದ್ದೇನೆ.

ಥೈರಾಯ್ಡ್ ಸರಿಯಿದೆ. ಹಿಮೋಗ್ಲೋಬಿನ್ ಕಡಿಮೆ ಇದೆ, ಮಾತ್ರೆ ಕೊಟ್ಟಿದ್ದಾರೆ. ಹತ್ತು ಪ್ರಶ್ನೆಗಳನ್ನು ತುಂಬಿಸಿದೆ. ಮೊತ್ತ 30ಕ್ಕೆ 15 ಬಂತು. ಹತ್ತನೆಯದಕ್ಕೆ ‘ಇಲ್ಲ’. ಮೂರನೆಯದನ್ನು, ನಿಮ್ಮನ್ನೇ ದೂರಿಕೊಂಡಿರಾ ಎಂಬುದನ್ನು ಓದಿದಾಗ ಅಲ್ಲೇ ಅತ್ತುಬಿಟ್ಟೆ. ಡಾಕ್ಟರು ಪೆನ್ನು ಕೆಳಗಿಟ್ಟು ಕಾದರು. ಹೋದ ಗರ್ಭದ ಬಗ್ಗೆ ಕೇಳಿದರು. ಅದು ಹೋದ ಮೇಲೆ ಇಷ್ಟು ದಿನ ಯಾರೂ ಅದರ ಬಗ್ಗೆ ನನ್ನನ್ನು ಕೇಳಿರಲಿಲ್ಲ.

ಆಪ್ತ ಸಮಾಲೋಚಕರ ಹತ್ತಿರ ವಾರಕ್ಕೊಮ್ಮೆ ಹೋಗಬೇಕು. ಮೊದಲ ಭೇಟಿ ಮುಗಿದಿದೆ. ನಿನ್ನೆಯೂ 3 ಗಂಟೆಗೆ ಎಚ್ಚರವಾಯಿತು. ನನ್ನ ಗಂಡ ಎದ್ದು ಕೂತರು. ಏನೂ ಹೇಳಲಿಲ್ಲ. ಮಗು ಒದ್ದಾಗ ಅವರ ಕೈ ತೆಗೆದು ಅಲ್ಲಿಟ್ಟೆ.